ಖಾಲಿ ಜಾಗದ ಜಗಳ

ಸರ್ಕಾರದ ಕಣ್ಣಿಗೆ ಒಂದು ಗುಣವುಂಟು: ಬಡವರು ಕೂತ ಜಾಗ ಅದಕ್ಕೆ ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ.

ಎರ್ನಾಕುಲಂನ ಹಿನ್ನೀರ ದಡದಲ್ಲಿ, ಎದುರಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ರೇನುಗಳು ಕಾಣುವಲ್ಲಿ, ಕಯರ್ ಮೈದಾನವೆಂಬ ಸರ್ಕಾರಿ ನೆಲವಿತ್ತು. ಹಿಂದೆ ತೆಂಗಿನ ನಾರಿನ ಗೋದಾಮಿದ್ದ ಜಾಗ. ಗೋದಾಮು ಬಿದ್ದ ಮೇಲೆ ಹೆಸರು ಉಳಿಯಿತು, ನೆಲ ಕೇರಿಯವರದ್ದಾಯಿತು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ತಿರುವನಂತಪುರದಿಂದ ತಿರುಮಲೇಶ್ವರ ಎಂಬ ಅಧಿಕಾರಿ ಬಂದರು. ನೆತ್ತಿ ಸುಡುವ ಮಧ್ಯಾಹ್ನ. ಕಾರಿನಿಂದ ಇಳಿಯದೆಯೇ ಗಾಜು ಇಳಿಸಿ ನೋಡಿದರು, ಫೋಟೋ ಹೊಡೆಸಿದರು, "ಉಪಯೋಗವಿಲ್ಲದೆ ಬಿದ್ದಿರುವ ಭೂಮಿ" ಎಂದು ಬರೆದರು. ಆ ಒಂದು ಸಾಲಿನ ಬೆನ್ನಿಗೆ, ಅಲ್ಲಿ ಕಾರು ನಿಲ್ಲಿಸುವ ಕಟ್ಟಡ ಏಳಿಸುತ್ತೇವೆಂದು ಒಂದು ಕಂಪೆನಿ ಬಂತು. ತಂತಿಬೇಲಿಯ ಸುರುಳಿಗಳು ಬಂದು ಬಿದ್ದವು.

ಸುರುಳಿ ಬಿಚ್ಚದಂತೆ ತಡೆದವರು ಕುಸುಮಾವತಿ. ಕಾಸರಗೋಡಿನ ಕಡೆಯವರು, ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಮೈದಾನದ ಅಂಚಿನ ಓಣಿಯಲ್ಲೇ ಉಳಿದುಬಿಟ್ಟವರು, ಕೇರಿಗೆಲ್ಲ ಚೇಚಿ, ಅಂದರೆ ಅಕ್ಕ, ಆದವರು. ಕೇರಿಯನ್ನು ಕಟ್ಟಿಕೊಂಡು ಕೋರ್ಟಿಗೆ ಹೋದರು. ಒಬ್ಬ ವಕೀಲರು ಕಮಿಷನರ್ ಆಗಿ ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡದ್ದನ್ನು ವರದಿ ಮಾಡಲಿ ಎಂದಿತು ಕೋರ್ಟು. ಖಾಲಿ ಹೌದಾದರೆ ಬೇಲಿ, ಅಲ್ಲವಾದರೆ ಮೈದಾನ.

ಕುಸುಮಾವತಿಯವರಿಗೆ ಹೆದರಿಕೆಯಿದ್ದದ್ದು ಕಂಪೆನಿಯದ್ದಲ್ಲ, ತಮ್ಮವರ ನಾಲಗೆಯದ್ದು. ಲಾಡ್ಜುಗಳ ಹಾಸುಬಟ್ಟೆ ಒಗೆದು ಮೈದಾನದಲ್ಲಿ ಒಣಹಾಕುವ ಜುಬೈದಾ, ಹಳೇ ಮಾರುತಿಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಮೇರಿ, ಹಗಲು ಆಟೋ ಓಡಿಸಿ ಸಂಜೆ ಫುಟ್‌ಬಾಲ್ ಆಡಿಸುವ ಕಿಶೋರ್. ಈ ಮೂವರು ಎದುರುಬದುರಾದರೆ ಆಚೆ ದಡದ ಕಾಗೆಯೂ ಜಾಗ ಬಿಡುತ್ತಿತ್ತು.

"ನಾಳೆ ಯಾರೂ ತುಟಿ ಪಿಟಕ್ಕೆನ್ನಬಾರದು. ಕೋರ್ಟಿನ ಕಣ್ಣಿಗೆ ನಾವು ಸಭ್ಯರ ಹಾಗೆ ಕಾಣಬೇಕು," ಎಂದು ಅವರು ಮುನ್ನಾದಿನವೇ ಆಣೆ ಹಾಕಿಸಿದರು.

"ಅದಕ್ಕೆ ನಾನು ಪ್ಯಾಂಟು ಹಾಕಬೇಕಾ ಚೇಚೀ?" ಎಂದ ಕಿಶೋರ್, ಲುಂಗಿ ಎತ್ತಿ ಕಟ್ಟುತ್ತ.

"ನೀನು ಬಾಯಿಗೊಂದು ಗುಂಡಿ ಹಾಕಿಕೋ, ಸಾಕು," ಎಂದಳು ಮೇರಿ.

ಅಷ್ಟಕ್ಕೇ ನಿಲ್ಲದೆ ಕುಸುಮಾವತಿ ಸುಣ್ಣದ ಗೆರೆ ಎಳೆಸಿ ಮೈದಾನವನ್ನು ಪಾಲು ಮಾಡಿಸಿದರು. ಒಂದು ಪಾಲು ಬಟ್ಟೆಗೆ, ಒಂದು ಕಾರಿಗೆ, ಒಂದು ಚೆಂಡಿಗೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಗೂಟ ತರಿಸಿ ಕೆಂಪು ಬಣ್ಣ ಬಳಿಸಿದರು. ಜಗಳಕ್ಕೆ ಕಾರಣವೇ ಇರಬಾರದಲ್ಲ.

ಬೆಳಿಗ್ಗೆ ಕಮಿಷನರ್ ಬಂದಳು. ರಮ್ಯಶ್ರೀ ಎಂಬ ಎಳೆ ವಯಸ್ಸಿನ ವಕೀಲೆ; ಅವಳೂ ಕಾಸರಗೋಡಿನವಳೇ. ಸರ್ಕಾರದ ಪರವಾಗಿ ಅದೇ ತಿರುಮಲೇಶ್ವರ; ಅವರ ಹುಟ್ಟೂರೂ ಅದೇ ಕಡೆ. ಈ ಸಲ ಕಾರಿನಿಂದ ಇಳಿದರು. ಇಳಿದವರೇ ರಮ್ಯಶ್ರೀಯ ಹತ್ತಿರ ಸರಿದು, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಕನ್ನಡದಲ್ಲಿ ಹೇಳಿದರು: "ನೀವು ನಮ್ಮ ಊರಿನವರೇ ಅಲ್ಲವಾ ಅಮ್ಮಾ. ಹೆಚ್ಚು ತಲೆಬಿಸಿ ಎಂತಕ್ಕೆ? ಖಾಲಿ ಉಂಟು ಅಂತ ಒಂದು ಗೆರೆ ಬರೆದರಾಯಿತು."

"ನಿಮಗೆ ಖಾಲಿ ಕಾಣುವುದು ಕಾರಿನ ಗಾಜಿನ ದೋಷ, ಮಾರಾಯ್ರೇ," ಎಂದರು ಹಿಂದಿನಿಂದ ಕುಸುಮಾವತಿ, ಅದೇ ಕನ್ನಡದಲ್ಲಿ.

ತಿರುಮಲೇಶ್ವರರ ಮುಖ ಕೆಂಪಾಯಿತು. ರಮ್ಯಶ್ರೀ ನಗಲಿಲ್ಲ. "ಇಬ್ಬರೂ ಮಲಯಾಳದಲ್ಲಿ ಮಾತಾಡಿ, ಎಲ್ಲರಿಗೂ ತಿಳಿಯಲಿ," ಎಂದು ಮಲಯಾಳದಲ್ಲೇ ಹೇಳಿ ಮೈದಾನಕ್ಕೆ ಕಾಲಿಟ್ಟಳು.

ಎಲ್ಲವೂ ಅಚ್ಚುಕಟ್ಟು. ಒಂದು ಪಾಲಿನಲ್ಲಿ ಹಾಸುಬಟ್ಟೆ, ಇನ್ನೊಂದರಲ್ಲಿ ಕಾರು, ಮತ್ತೊಂದರಲ್ಲಿ ಕಿಶೋರನ ತಂಡ ಮದುವೆಗೆ ಬಂದವರ ಹಾಗೆ ಮೆಲ್ಲಗೆ ಚೆಂಡು ದಾಟಿಸುತ್ತಿತ್ತು. ರಮ್ಯಶ್ರೀ ಒಂದು ಗೂಟ ಮುಟ್ಟಿದಳು. ಬೆರಳಿಗೆ ಕೆಂಪು ಹತ್ತಿತು.

"ಈ ಗೆರೆ ಎಳೆದದ್ದು ಯಾವಾಗ?"

ಕುಸುಮಾವತಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ನಿನ್ನೆ."

"ಹಾಗಾದರೆ ನಾನು ನಿನ್ನೆಯ ಮೈದಾನ ನೋಡುತ್ತಿದ್ದೇನೆ. ಮೊನ್ನೆಯದ್ದು ಎಲ್ಲಿ?"

ತಿರುಮಲೇಶ್ವರ ಕೆಮ್ಮಿದರು. ಗೆದ್ದವರ ಕೆಮ್ಮು. ಕುಸುಮಾವತಿ ತಾವೇ ಎಳೆಸಿದ ಸುಣ್ಣದ ಗೆರೆಯನ್ನು ನೋಡಿದರು. ಕೈಯಾರೆ ಕೆಡಿಸಿದೆನಲ್ಲ, ನಿಜವಿದ್ದದ್ದಕ್ಕೆ ಬಣ್ಣ ಬಳಿದು ಸುಳ್ಳಿನ ಹಾಗೆ ಮಾಡಿಬಿಟ್ಟೆನಲ್ಲ!

ಆ ಹೊತ್ತಿಗೆ ಮೇರಿಯ ಶಿಷ್ಯೆ ಕಾರನ್ನು ಹಿಂದಕ್ಕೆ ತೆಗೆದಳು. ಲೈಸೆನ್ಸು ಬೇಕಾದರೆ ಗೂಟಗಳ ನಡುವೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಹಿಂದೆ ಮುಂದೆ ಕಾರು ಓಡಿಸಿ ತೋರಿಸಬೇಕು. ಸುಣ್ಣದ ಪಾಲಿನಲ್ಲಿ ಎಚ್‌ಗೆ ಸಾಲುವಷ್ಟು ನೆಲವಿರಲಿಲ್ಲ. ಕಾರು ಗೆರೆ ದಾಟಿ ಜುಬೈದಾಳ ಹಗ್ಗದ ಗೂಟಕ್ಕೆ ಗುದ್ದಿತು. ಬಿಳಿಯ ಹಾಸುಬಟ್ಟೆಗಳೆಲ್ಲ ಕಾರಿನ ಮೇಲೆ ಕವುಚಿಬಿದ್ದವು.

ಜುಬೈದಾ ತುಟಿ ಕಚ್ಚಿದಳು. ಎಷ್ಟು ಹೊತ್ತೆಂದು ಕಚ್ಚಿಯಾಳು?

"ಎಡೀ ಮೇರೀ! ನನ್ನ ಬಟ್ಟೆ ಒಣಗದೆ ಎಂದಾದರೂ ನೀನು ಕಾರು ಇಳಿಸಿದ್ದುಂಟಾ? ಇವತ್ತೇನು, ನಿನ್ನ ಅಪ್ಪನ ಪಾಲು ಬಂತಾ?"

"ಪಾಲು ಮಾಡಿದ್ದು ನಾನಾ? ಚೇಚಿಯನ್ನು ಕೇಳು! ನೀನು ಹಗ್ಗ ಬಿಚ್ಚಿ ಗೂಟ ಕೊಡುವುದು, ನಾನು ಅದನ್ನೇ ಎಚ್‌ಗೆ ನೆಡುವುದು, ಇದಲ್ಲವಾ ನಮ್ಮ ಕ್ರಮ? ಈ ಕೆಂಪು ಕೋಲು ಎಂತಕ್ಕೆ, ಆನೆಗೆ ಹಲ್ಲುಜ್ಜಲಿಕ್ಕಾ?"

"ಕ್ರಮವಂತೆ!" ಕಿಶೋರ್ ಚೆಂಡು ಬಿಟ್ಟು ಓಡಿಬಂದ. "ಅದೇ ಗೂಟ ಸಂಜೆ ನನ್ನ ಗೋಲಿಗೆ ಬರಬೇಕಲ್ಲ, ಮೊನ್ನೆ ಎಲ್ಲಿಟ್ಟಿದ್ದೆ ಮೇರೀ? ಚಪ್ಪಲಿ ಇಟ್ಟು ಗೋಲು ಮಾಡಿದೆವು ನಾವು, ನಾಚಿಕೆಗೇಡು! ಮಳೆ ಬಂದರೆ ಮಾತ್ರ ನನ್ನ ಹುಡುಗರು ಬೇಕು ನಿಮಗೆ, ಬಟ್ಟೆ ಎತ್ತಲಿಕ್ಕೆ!"

"ಎತ್ತಿದರು ಮೋನೇ, ಕೆಸರುಗೈಯಲ್ಲಿ! ಪುನಃ ಒಗೆದದ್ದು ಯಾರು?"

"ಸಾಕು, ಸಾಕು!" ಎಂದು ಕುಸುಮಾವತಿ ಕೈಮುಗಿಯುತ್ತ ನಡುವೆ ನುಗ್ಗಿದರು. ರಮ್ಯಶ್ರೀ ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಹಳೆಯ ಗೂಟ ಎಲ್ಲಿದೆ?" ಎಂದು ಕೇಳಿದಳು.

ಗೋಡೆಯ ಹಿಂದೆ ಅಡಗಿಸಿಟ್ಟಿದ್ದನ್ನು ಕಿಶೋರ್ ಹೊತ್ತು ತಂದ. ಬಿದಿರು, ಕೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಹೊಳೆಯುವ ಬಿದಿರು. ಮೇರಿ ಒಂದನ್ನು ಕಿತ್ತುಕೊಂಡು, ಕೆಳಗೆ ನೋಡದೆಯೇ ನೆಲಕ್ಕೆ ಕುಕ್ಕಿದಳು. ಅದು ತನ್ನ ಗುಳಿಯಲ್ಲಿ ಸರಿಯಾಗಿ ಹೋಗಿ ಕೂತಿತು.

"ಯಾರದ್ದು ಇವು?"

"ನಮ್ಮ ಮದುವೆ ಚಪ್ಪರದ್ದು," ಎಂದಳು ಜುಬೈದಾ. "ಸುಳ್ಳು! ನಮ್ಮ ಇಗರ್ಜಿ ಹಬ್ಬದ್ದು," ಎಂದಳು ಮೇರಿ. "ಇಬ್ಬರದ್ದೂ ಅಲ್ಲ, ನಮ್ಮ ಓಣಂ ಪಂದ್ಯದ್ದು," ಎಂದ ಕಿಶೋರ್. ಜಗಳ ಮತ್ತೆ ಹೊತ್ತಿಕೊಂಡಿತು.

ಕುಸುಮಾವತಿ ಸುಮ್ಮನೆ ನಿಂತು ಕೇಳಿದರು. ಒಗ್ಗಟ್ಟು ಒಗ್ಗಟ್ಟು ಎಂದು ಗಂಟಲು ಹರಿದುಕೊಂಡಿದ್ದರಲ್ಲ, ಅದು ಇಲ್ಲಿಯೇ, ಈ ಬೈಗುಳದೊಳಗೇ ಬದುಕಿತ್ತು. ಯಾರ ಹೊತ್ತು ಯಾವುದು, ಯಾರಿಂದ ಯಾರ ಕೈಗೆ ಗೂಟ, ಮಳೆ ಬಂದರೆ ಯಾರು ಓಡಬೇಕು—ಯಾವ ಮಂತ್ರಿಯೂ ಸಹಿ ಹಾಕದ ಕಾನೂನು. ಒಂದೇ ನೆಲವನ್ನು ಮೂರು ಸಲ ಬಾಳಿಸಿದ ಈ ಜನರನ್ನು ತಾನು ಸುಣ್ಣದ ಗೆರೆಯೊಳಗೆ ಕೂಡಿಹಾಕಿದೆನಲ್ಲ! ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ರಮ್ಯಶ್ರೀ ಬರೆಯುತ್ತಲೇ ಇದ್ದಳು.

"ಈ ಬೀದಿಜಗಳವನ್ನೆಲ್ಲ ವರದಿಗೆ ಹಾಕುತ್ತೀರಾ?" ಎಂದರು ತಿರುಮಲೇಶ್ವರ.

"ಖಾಲಿ ಜಾಗಕ್ಕೆ ಸರದಿ ಇರುವುದಿಲ್ಲ ಸರ್. ಇಲ್ಲಿ ಸರದಿ ತಪ್ಪಿದ್ದಕ್ಕೆ ಜಗಳ. ಅದನ್ನು ಬಿಟ್ಟು ಇನ್ನೇನು ಬರೆಯಲಿ?"

ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟು ಕಂಪೆನಿಗೆ ಕೊಟ್ಟಿದ್ದ ಗುತ್ತಿಗೆಯನ್ನು ರದ್ದು ಮಾಡಿತು. ಕಯರ್ ಮೈದಾನ ಸಾರ್ವಜನಿಕರದ್ದು ಎಂದಿತು. ತಂತಿಯ ಸುರುಳಿಗಳು ಬಂದ ಲಾರಿಯಲ್ಲೇ ಹಿಂದಿರುಗಿದವು.

ಆ ಸಂಜೆ ಕುಸುಮಾವತಿ ವಿಜಯದ ಸಭೆಗೆಂದು ಮೈಕು, ಕುರ್ಚಿ ಹೊರಿಸಿಕೊಂಡು ಬಂದರು. ಆಟ ಬಿರುಸಿನಲ್ಲಿತ್ತು.

"ಕತ್ತಲಾಗುವ ತನಕ ನಮ್ಮ ಹೊತ್ತು ಚೇಚೀ," ಎಂದ ಕಿಶೋರ್, ಬೆವರೊರೆಸಿಕೊಳ್ಳುತ್ತ. "ಕೋರ್ಟೇ ಒಪ್ಪಿದೆ."

"ಕೋರ್ಟಿಗೆ ಹೋದದ್ದು ಯಾರೆಡಾ?"

"ಹೋದದ್ದು ನೀವೇ. ಆದರೆ ಹೊತ್ತು ನಮ್ಮದು."

ಬಟ್ಟೆ ಮಡಚುತ್ತಿದ್ದ ಜುಬೈದಾ ಕೈ ನಿಲ್ಲಿಸಿ ನೋಡಿದಳು. ಮೇರಿ ಕಾರಿನ ಬಾಗಿಲಿಗೆ ಒರಗಿದಳು. ಇಷ್ಟು ವರ್ಷ ಎಲ್ಲರ ಜಗಳ ಬಿಡಿಸಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಗೋಲಿನ ಬಾಯಲ್ಲೇ ಹಾಕಿ ಕೂತು, ಜೀವಮಾನದಲ್ಲಿ ಎತ್ತದಷ್ಟು ದೊಡ್ಡ ದನಿ ಎತ್ತಿದರು:

"ಬಾ, ಎಬ್ಬಿಸು ನೋಡೋಣ!"