ಮುಚ್ಚದ ಮುಚ್ಚಳ

ಅಂಗಡಿಯಲ್ಲಿ ಹಸುವಿನಂತೆ ಸಾಧು, ಮನೆಗೆ ಬಂದರೆ ಮೊಂಡು ಎತ್ತು. ಆ ಹೊಸ ಲ್ಯಾಪ್‌ಟಾಪಿನ ನಡತೆಯೇ ಅಂಥದ್ದು. ಕೊಂಡ ವಾರದಲ್ಲೇ ಕೆಲಸದ ನಡುವೆ ಪರದೆ ಕಪ್ಪಾಯಿತು. ಕೀಬೋರ್ಡ್ ಬದಲಾಯಿಸಿ ಕೊಟ್ಟರು, ಮತ್ತೆ ಕಪ್ಪು. ಒಳಗಿನ ಬೋರ್ಡನ್ನೇ ಬದಲಾಯಿಸಿದರು. ಆಗಲೂ ಅದೇ ರಾಗ. ಕೊನೆಗೆ ಸೋತು, ಅದೇ ಮಾದರಿಯ ಹೊಸ ಯಂತ್ರವನ್ನೇ ಕೊಟ್ಟು ಕೈಮುಗಿದರು. ಇದು ಅದಕ್ಕಿಂತ ಒಂದು ಕೈ ಮೇಲು. ಮೊದಲ ದಿನವೇ ಕಣ್ಣು ಮುಚ್ಚಿತು.

ಅದನ್ನು ಕೊಂಡವಳ ಕೆಲಸವೋ ಕಿವಿ ಮತ್ತು ಬೆರಳಿನದು. ಕಾಲೇಜಿನಲ್ಲಿ ಮೇಷ್ಟರು ಪಾಠ ಹೇಳುತ್ತಿದ್ದರೆ ಇವಳು ಮನೆಯ ಮೂಲೆಕೋಣೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಕೇಳುತ್ತ ಕೇಳುತ್ತಲೇ ಟೈಪ್ ಮಾಡುತ್ತಾಳೆ. ಕಿವಿ ಕೇಳಿಸದ ವಿದ್ಯಾರ್ಥಿಗಳು ತರಗತಿಯ ಪರದೆಯಲ್ಲಿ ಅದನ್ನು ಆಗಿಂದಾಗಲೇ ಓದಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ಬೆಳಗ್ಗೆ ಎದ್ದು ಪದ್ಯ ಹೇಳುವಾಗ ಗೋಡೆಗೊರಗಿ ಕೇಳಿ ಕೇಳಿ ಪಳಗಿದ ಕಿವಿ ಅದು. ಬಿದ್ದ ಮಾತಿನ ಒಂದಕ್ಷರವೂ ಸೋರದು. ಅದೇ ತೊಂದರೆಯೂ ಹೌದು. ಅಡುಗೆಮನೆಯಿಂದ ಯಾರಾದರೂ ಹಾಲುಕ್ಕಿತೆಂದು ಕೂಗಿದರೆ ಬೆರಳು ಅದನ್ನೂ ಬರೆದುಬಿಡುತ್ತದೆ. ಹಾಗಾಗಿ ಪಾಠದ ಹೊತ್ತಿಗೆ ಚಿಲಕ ಹಾಕಿಯೇ ಕೂರುತ್ತಿದ್ದಳು.

ಪರದೆ ಕಪ್ಪಾದರೆ ಗುಂಡಿ ಒತ್ತಿ ಎಬ್ಬಿಸಬಹುದಿತ್ತು. ಆದರೆ ಅಷ್ಟರಲ್ಲಿ ಸಂಪರ್ಕ ಕಡಿದಿರುತ್ತಿತ್ತು, ಮಕ್ಕಳ ಮುಂದೆ ಮೇಷ್ಟರು ಬರಿದೇ ಬಾಯಾಡಿಸುವ ಗೊಂಬೆಯಾಗಿರುತ್ತಿದ್ದರು. ಮೇಲ್ವಿಚಾರಕಿ ಫೋನಿನಲ್ಲಿ ಮೆಲ್ಲಗೇ ಹೇಳಿದ್ದರು: "ನಿಮ್ಮಷ್ಟು ಚೆನ್ನಾಗಿ ಬರೆಯೋರು ಸಿಗಲ್ಲ, ನಿಜ. ಆದ್ರೆ ಸೋಮವಾರ ಪರೀಕ್ಷೆಗೆ ಮುಂಚಿನ ಕೊನೇ ಪಾಠ. ಅವತ್ತೂ ನಿಂತುಹೋದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ."

ಇನ್ನು ತಡಮಾಡುವಂತಿರಲಿಲ್ಲ. ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡು ಮತ್ತೆ ರಿಪೇರಿಯವನ ಬಳಿ ಹೋದಳು.

"ನೀವೇ ಇಲ್ಲಿ ಕೂತು ಟೈಪ್ ಮಾಡಿ ಮೇಡಂ, ನೋಡೋಣ" ಎಂದ ಅವನು.

ಅಂಗೈ ಬೆವರುವವರೆಗೆ ಟೈಪ್ ಮಾಡಿದಳು. ಪರದೆ ದೀಪದಂತೆ ಬೆಳಗುತ್ತಲೇ ಇತ್ತು.

"ಬೇಜಾರು ಮಾಡ್ಕೋಬೇಡಿ. ಪ್ರತಿ ಸಲಾನೂ ಮುಚ್ಚಳ ಮುಚ್ಚಿದ್ರು ಅಂತ ಇದರೊಳಗಿನ ದಾಖಲೆ ತೋರಿಸ್ತಿದೆ. ನೀವೇ ಮುಚ್ತಿದೀರಿ."

"ಬೆರಳು ಒಳಗಿರೋವಾಗ ಮುಚ್ಚಳ ಹೇಗಪ್ಪಾ ಮುಚ್ಚಲಿ?"

"ಯಂತ್ರ ಸುಳ್ಳು ಹೇಳಲ್ಲ ಮೇಡಂ."

"ಹಾಗಾದ್ರೆ ನಾನು ಹೇಳ್ತಿದೀನಾ?"

ಅವನು ಸ್ಕ್ರೂ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದ. ಮನೆಗೆ ಬರುವಷ್ಟರಲ್ಲಿ ತನ್ನ ಮೇಲೆ ತನಗೇ ಅನುಮಾನ ಹುಟ್ಟಿತ್ತು.

"ಇದು ಲ್ಯಾಪ್‌ಟಾಪೋ, ಆಗಾಗ ತವರಿಗೆ ಓಡೋ ಹೊಸ ಸೊಸೆಯೋ?" ಎಂದರು ಅತ್ತೆ. ನಗಿಸಲೆಂದೇ ಹೇಳಿದ್ದು, ಇವಳಿಗೆ ಅಳು ಬಂತು. "ಅಯ್ಯೋ, ಬಿಡಮ್ಮ. ಮೊದ್ಲು ಕೈಗೆ ಬಳೆ ಹಾಕ್ಕೊ."

ಮಣಿಕಟ್ಟು ನೋವೆಂದಾಗ ಅತ್ತೆಯೇ ತರಿಸಿಕೊಟ್ಟ ದಪ್ಪ ಅಯಸ್ಕಾಂತದ ಬಳೆ ಅದು. ನೋವು ಹೀರುತ್ತದಂತೆ. ಹೀರಿತೋ ಬಿಟ್ಟಿತೋ, ಕೊಟ್ಟವರ ಮನಸ್ಸು ನೋಯಬಾರದೆಂದು ಕೆಲಸಕ್ಕೆ ಕೂರುವಾಗ ತಪ್ಪದೆ ಹಾಕಿಕೊಳ್ಳುತ್ತಿದ್ದಳು. ಹೊರಗೆ ಹೊರಟಾಗ ಮಾತ್ರ ಕೈಕೋಳದಂತೆ ಕಾಣುತ್ತದೆಂದು ಬಿಚ್ಚಿಡುತ್ತಿದ್ದಳು.

ಸೋಮವಾರ ಬಂತು. ಪಾಠಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಸುಮ್ಮನೆ ನಾಲ್ಕು ಸಾಲು ಬರೆದು ನೋಡೋಣವೆಂದು ಕೈಯಿಟ್ಟಳು. ಎರಡನೇ ಸಾಲಿಗೇ ಕಪ್ಪು. ಜೀವ ಬಾಯಿಗೆ ಬಂತು. ತಕ್ಷಣ ರಿಪೇರಿಯವನಿಗೆ ಫೋನ್ ಮಾಡಿದಳು.

"ಮುಚ್ಚಳ ಮುಚ್ಚಿದ್ದು ಅದಕ್ಕೆ ಹೇಗಪ್ಪಾ ಗೊತ್ತಾಗತ್ತೆ? ಕಣ್ಣೇನಾದ್ರೂ ಇದ್ಯಾ?"

"ಕಣ್ಣೆಲ್ಲಿಂದ ಬರ್ಬೇಕು ಮೇಡಂ! ಮುಚ್ಚಳದ ಅಂಚಲ್ಲಿ ಒಂದು ಚೂರು ಅಯಸ್ಕಾಂತ ಇರತ್ತೆ. ಅದು ಕೆಳಗೆ ಬಂತು ಅಂದ್ರೆ ಮುಚ್ಚಿದ್ರು ಅಂದ್ಕೊಂಡು ಮಲಗತ್ತೆ. ಮೇಡಂ? ಹಲೋ?"

ಅವಳು ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಬಳೆಯನ್ನು ಕಿತ್ತು ಹೊರಗಿನ ಬೀರುವಿನ ಮೇಲಿಟ್ಟು ಓಡಿಬಂದಳು. ಅಷ್ಟರಲ್ಲಿ ಮೇಷ್ಟರ ದನಿ ಶುರುವಾಗಿತ್ತು. ಚಿಲಕದ ನೆನಪಾಗಲಿಲ್ಲ.

ಹೃದಯ, ಕವಾಟ, ರಕ್ತನಾಳ. ಬೆರಳು ಓಡಿತು. ಈಗ ಕಪ್ಪಾದೀತು, ಈ ವಾಕ್ಯಕ್ಕೆ ಆದೀತು, ದೇವರೇ, ಇದೊಂದು ದಾಟಿಸು. ಬಳೆಯೇ ಕಾರಣವೆಂದು ಏನು ಖಾತ್ರಿ? ಮಣಿಕಟ್ಟು ಸಿಡಿಯುತ್ತಿತ್ತು, ಕಣ್ಣು ಮಿಟುಕಿಸಲೂ ಹೆದರಿಕೆ. ಅರ್ಧ ಪಾಠ ಕಳೆದರೂ ಪರದೆ ಬೆಳಗುತ್ತಲೇ ಇತ್ತು.

ಆಗ ಬಾಗಿಲು ತೆರೆದು ಅತ್ತೆ ಇಣುಕಿದರು.

"ಬಳೆ ಎಲ್ಲಮ್ಮ? ಬರಿಗೈಲಿ ಕೂತಿದೀಯಲ್ಲ!"

ಕಿವಿ ಕೇಳಿತು, ಬೆರಳು ಬರೆಯಿತು. ತರಗತಿಯ ಪರದೆಯ ಮೇಲೆ ಮೂಡಿತು: "ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಬಳೆ ಎಲ್ಲಮ್ಮ ಬರಿಗೈಲಿ ಕೂತಿದೀಯಲ್ಲ".

ಅಳಿಸಲು ಹೊತ್ತಿರಲಿಲ್ಲ. ಅತ್ತ ತರಗತಿಯಲ್ಲಿ ನಗೆಯೋ ನಗೆ. ಮೇಷ್ಟರು ಹಿಂದೆ ತಿರುಗಿ ನೋಡಿ ತಾವೂ ನಕ್ಕರು. ಒಬ್ಬ ಹುಡುಗಿ ಬರೆದು ಕಳಿಸಿದಳು: "ಸರ್, ಬಳೆ ಪರೀಕ್ಷೆಗೆ ಬರತ್ತಾ?"

"ಬರಲ್ಲ, ರಕ್ತ ಬರತ್ತೆ" ಎಂದು ಮೇಷ್ಟರು ಮುಂದುವರಿದರು. ಇವಳು ಅದನ್ನೂ ಬರೆದಳು. ಕೊನೆಯ ಮಾತಿನವರೆಗೂ ಒಂದೂ ಬಿಡದೆ ಬರೆದಳು.

ಮೇಲ್ವಿಚಾರಕಿಯ ಸಂದೇಶ ಬಂತು: "ಪೂರ್ತಿ ಪಾಠ ಸಿಕ್ಕಿತು. ಪರೀಕ್ಷೆ ಮುಗಿದ ಮೇಲೂ ನೀವೇ ಬನ್ನಿ. ಬಾಗಿಲು ಹಾಕಿಕೊಂಡು."

ಅವಳು ಎದ್ದು ಬೀರುವಿನ ಮೇಲಿಂದ ಬಳೆ ತಂದಳು. ಅತ್ತೆಯನ್ನು ಕರೆದು, ಬೈಯದೆ, ಬಳೆಯನ್ನು ಯಂತ್ರದ ಬಲ ಅಂಚಿಗೆ ಹಿಡಿದಳು. ಪರದೆ ಥಟ್ಟನೆ ಕಪ್ಪಾಯಿತು.

ಅತ್ತೆ ಬಾಯಿ ತೆರೆದುಕೊಂಡು ನೋಡಿದರು. ಆಮೇಲೆ ಮುಖ ಊರಗಲವಾಯಿತು.

"ನೋಡಿದ್ಯಾ! ಎಷ್ಟು ಶಕ್ತಿ ಇದಕ್ಕೆ! ನಾನು ಅವತ್ತೇ ಹೇಳ್ಲಿಲ್ವಾ? ಕೊಡು ಕೈ, ಈಗ ಪಾಠ ಮುಗೀತಲ್ಲ."

ಅವಳು ಕೈ ಚಾಚಿದಳು.