ಹೆಸರಿಲ್ಲದ ಪ್ರಾರ್ಥನೆ

ಆಸ್ತಾ ಮೀನಿನ ವಡೆ ಬೇಯಿಸಿ ಒಲೆ ಆರಿಸಿದಳು. ಮಹಡಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನ್ ತೆಗೆದು ನೋಡಿದರೆ ಪಾದ್ರಿ ಸೀವರ್ಟ್ ಎರಡು ಸಲ ಕರೆ ಮಾಡಿದ್ದರು. ಜೊತೆಗೆ ಗೆಳತಿ ಲೀವ್‌ಳ ಸಂದೇಶ: ಚರ್ಚಿನ ಪುಟ ನೋಡಿದೆಯಾ?

ನೋಡಿದಳು. ‘ನಮ್ಮೂರ ದೋಣಿಯಲ್ಲಿ ಅವಘಡವಾಗಿದೆ. ಸಂಕಟದಲ್ಲಿರುವ ಕುಟುಂಬಕ್ಕಾಗಿ ಪ್ರಾರ್ಥಿಸೋಣ.’ ಹೆಸರಿಲ್ಲ, ಮತ್ತೊಂದು ಮಾತಿಲ್ಲ. ಕೆಳಗೆ ಅರ್ಧ ಊರೇ ಮೇಣದಬತ್ತಿಯ ಚಿತ್ರ ಹಾಕಿ ಕೂತಿತ್ತು. ದೋಣಿಯಲ್ಲಿ ಅವಳ ಗಂಡ ಐನಾರ್ ಇದ್ದ, ಲೀವ್‌ಳ ಗಂಡನೂ ಇದ್ದ. ಐನಾರನಿಗೆ ಫೋನ್ ಮಾಡಿದಳು, ಹೋಗಲಿಲ್ಲ.

ಕಿಟಕಿಯಾಚೆ ಪಾದ್ರಿ ಬರುತ್ತಿದ್ದರು. ಕಪ್ಪು ಅಂಗಿ, ಬಿಳಿ ಕೊರಳಪಟ್ಟಿ. ನಾರ್ವೆಯ ಆ ಕರಾವಳಿಯಲ್ಲಿ ಸಾವಿನ ಸುದ್ದಿಯನ್ನು ಮನೆಗೆ ತರುವುದು ಪಾದ್ರಿಯೇ. ಸಾವಿಲ್ಲದೆ ಆ ವೇಷದಲ್ಲಿ ಯಾರ ಬಾಗಿಲಿಗೂ ಬರಬಾರದೆಂದು ಹಳೆಯ ಪಾದ್ರಿಗೆ ಗೊತ್ತಿತ್ತು. ಪಟ್ಟಣದಿಂದ ಬಂದ ಈ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ಬಾಗಿಲ ಕರೆಗಂಟೆ ಸದ್ದಾಯಿತು. ಆಸ್ತಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ತೆಗೆಯದಿದ್ದರೆ ಆ ಮಾತು ಹೊರಗೇ ಉಳಿದೀತು ಎಂಬ ಹುಚ್ಚು ಆಸೆ.

“ಆಸ್ತಾ, ಐನಾರ್ ಬದುಕಿದಾನೆ. ಕೈ ಮುರಿದಿದೆ, ಅಷ್ಟೇ. ಬಾಗಿಲು ತೆಗೀರಿ.”

ಆಸ್ತಾ ಬಾಗಿಲು ತೆಗೆದು, ಏನಾಯಿತೆಂದು ಕೇಳಿದಳು. ಸೀವರ್ಟ್ ಗಾಬರಿಯಿಂದ ಎಲ್ಲ ಹೇಳಿದರು. ಬಲೆ ಎಳೆಯುವ ಯಂತ್ರಕ್ಕೆ ಕೈ ಸಿಕ್ಕಿತ್ತು, ಹೆಲಿಕಾಪ್ಟರು ಆಸ್ಪತ್ರೆಗೆ ಒಯ್ದಿತ್ತು, ಉಳಿದವರೆಲ್ಲ ಕ್ಷೇಮ. ಆಸ್ತಾ ಫೋನ್ ಎತ್ತಲಿಲ್ಲವಲ್ಲ, ಅಷ್ಟರಲ್ಲಿ ಊರಾದರೂ ಪ್ರಾರ್ಥಿಸಲಿ ಎಂದು ಬರೆದರಂತೆ.

“ನೀವು ಪ್ರಾರ್ಥನೆ ಕೇಳಿದ್ರಿ, ನಮಗೆ ಕೇಳಿಸಿದ್ದು ಸಾವು,” ಎಂದಳು ಆಸ್ತಾ. ಕೂಡಲೇ ಲೀವ್‌ಗೆ ಫೋನ್ ಮಾಡಿ, ನಿನ್ನವನು ಕ್ಷೇಮ ಕಣೇ ಎಂದಳು. ಆ ಕಡೆಯಿಂದ ಬಂದದ್ದು ಬರೀ ಅಳು. ಅದು ಸೀವರ್ಟ್‌ಗೂ ಕೇಳಿಸಿತು.

ಅವರು ತಮ್ಮ ಫೋನ್ ತೆಗೆದು, ಐನಾರ್ ಬದುಕಿದ್ದಾನೆ, ಉಳಿದವರೂ ಕ್ಷೇಮವೆಂದು ಈಗಲೇ ಹಾಕುತ್ತೇನೆ ಎಂದರು.

“ಸ್ವಲ್ಪ ತಡೀರಿ. ಅವನ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅದನ್ನೂ ಊರೇ ಹೇಳ್ಬೇಕಾ? ನಾನೇ ಅವರ ಮನೆಗೆ ಹೋಗಿ ಹೇಳ್ತೀನಿ.”

ಸೀವರ್ಟ್ ಬರೆಯತೊಡಗಿದ್ದನ್ನು ಅಳಿಸಿ ಫೋನ್ ಜೇಬಿಗಿಟ್ಟರು. ತಾನೂ ಬರಬಹುದೇ ಎಂದು ಮೆಲ್ಲಗೆ ಕೇಳಿದರು.

“ಬನ್ನಿ. ಆದ್ರೆ ನಾನು ಮುಂದೆ ಹೋಗ್ತೀನಿ.”

ಅತ್ತೆ ಕಿಟಕಿಯಲ್ಲಿ ಕಂಡ ಕೂಡಲೇ ಆಸ್ತಾ ದೂರದಿಂದಲೇ ಕೂಗಿ ಹೇಳಿದಳು, ಐನಾರ್ ಬದುಕಿದಾನಮ್ಮ ಎಂದು. ಕೈಯ ವಿಷಯ ಆಮೇಲೆ. ಮುದುಕಿಯನ್ನು ಕೂರಿಸಿ, ನೀರು ಕುಡಿಸಿ ಹೊರಗೆ ಬಂದು ನೋಡಿದರೆ, ಸೀವರ್ಟ್ ಕಿಟಕಿಗೆ ಕಾಣದಂತೆ ಸೌದೆ ರಾಶಿಯ ಹಿಂದೆ ಚಳಿಯಲ್ಲಿ ನಿಂತಿದ್ದರು. ಅವಳು ಕೈ ಬೀಸಿ ಕರೆದ ಮೇಲೆಯೇ ಹೆಜ್ಜೆ ಎತ್ತಿದರು.