ಮೊದಲನೆಯದರಿಂದಲೇ

ಸಾಮಾಜಿಕ ನೀತಿಯ ಬಗ್ಗೆ ಅರ್ಥಶಾಸ್ತ್ರಜ್ಞರೊಬ್ಬರು ಬರೆದ ನಾಲ್ಕು ಪುಸ್ತಕಗಳನ್ನು ಕನ್ನಡಕ್ಕೆ ತಂದವಳು ನಾನು. ಕೊಂಡವರು ಕಡಿಮೆ, ಓದಿದವರು ಇನ್ನೂ ಕಡಿಮೆ. ನನ್ನ ಜಂಬಕ್ಕೆ ಮಾತ್ರ ಕೊರತೆಯಿರಲಿಲ್ಲ. ಶಿವಾಜಿನಗರದಲ್ಲಿ ಶಫಿ ಸಾಹೇಬರ ಹಳೇ ಪುಸ್ತಕದಂಗಡಿಗೆ, ಅವು ಯಾರ ಕೈ ಸೇರುತ್ತವೋ ನೋಡೋಣವೆಂದು, ಆಗಾಗ ಹೋಗುತ್ತಿದ್ದೆ.

ಸಾಹೇಬರು ಉರ್ದು ಓದಿ ಬೆಳೆದವರು. ಕನ್ನಡ ಪುಸ್ತಕವನ್ನೂ ಉರ್ದುವಿನಂತೆ ಹಿಂದಿನ ರಟ್ಟಿನಿಂದಲೇ ತೆರೆಯುತ್ತಿದ್ದರು. "ಮತ್ತೆ ಉಲ್ಟಾನಾ ಸಾಹೇಬ್ರೇ?" ಎಂದು ನಾನು ಪ್ರತಿ ಸಲ ಕಾಲೆಳೆಯುತ್ತಿದ್ದೆ.

ಜೂನ್‌ನಲ್ಲಿ ಚಂದ್ರಾಮಪ್ಪ ಬಂದರು. ರಾಯಚೂರು ಕಡೆಯವರು. ಇಂದಿರಾನಗರದ ಅಪಾರ್ಟ್‌ಮೆಂಟೊಂದರ ವಾಚ್‌ಮನ್, ವಾಸ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ. ಅವರ ರೇಷನ್ ಕಾರ್ಡ್ ರದ್ದಾಗಿತ್ತು. ಕಾರ್ಡಿಲ್ಲದೆ ಹೆಂಡತಿ ಅಯ್ಯಮ್ಮನ ಗಂಟಲಿನ ಗಡ್ಡೆಗೆ ಪುಕ್ಕಟೆ ಆಪರೇಷನ್ ಆಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಹೀಗೆ ಪಟ್ಟಿಯಿಂದ ಹೆಸರು ಬಿಟ್ಟುಹೋದವರ ಬಗ್ಗೆ ಈ ಅರ್ಥಶಾಸ್ತ್ರಜ್ಞರು ಬರೆದಿದ್ದಾರೆಂದು ಯಾವುದೋ ಪೇಪರಿನಲ್ಲಿ ಓದಿ, ಹುಡುಕಿಕೊಂಡು ಬಂದಿದ್ದರು.

"ನಾಕು ಅದಾವಲ್ರಿ. ಯಾವುದರಿಂದ ಶುರು ಮಾಡ್ಲಿ?"

ಸಾಹೇಬರು ಮೂರನೆಯದನ್ನು ಎಂದಿನಂತೆ ಹಿಂದಿನಿಂದ ತೆರೆದರು. "ಶ್ವೇತ ಮೇಡಂ, ಇದ್ರಲ್ಲಿ ಏನೋ ಅರ್ಜಿ ಇದ್ದಂಗಿದೆ. ಇದೇ ಕೊಡೋಣ."

ನನಗೆ ರೇಗಿತು. "ತಳಪಾಯ ಇಲ್ದೆ ಮೂರನೇ ಮಹಡಿ ಕಟ್ತಾರಾ? ಮೊದಲನೆಯದರಿಂದಲೇ ಓದಿ, ಒಂದು ಪುಟಾನೂ ಬಿಡ್ಬೇಡಿ. ಆಮೇಲೆ ನಿಮ್ಮನ್ನ ಯಾರೂ ಯಾಮಾರ್ಸಕ್ಕಾಗಲ್ಲ."

ಒಬ್ಬನಾದರೂ ನನ್ನ ಪುಸ್ತಕಗಳನ್ನು ಪೂರ್ತಿ ಓದಲಿ ಎಂಬ ಆಸೆ. ಆ ಆಸೆಗಿಷ್ಟು ಬೆಂಕಿ ಹಾಕ. ಕಾರ್ಡ್ ರದ್ದಾದ ನೋಟೀಸು ಅವರ ಜೇಬಿನಲ್ಲೇ ಇತ್ತು. ಕೊಡಿ ನೋಡೋಣ ಎಂದು ಕೇಳಲಿಲ್ಲ ನಾನು.

ಅಂದು ಮೊದಲ ಮೂರನ್ನು ಕೊಂಡುಹೋಗಿದ್ದ ಚಂದ್ರಾಮಪ್ಪ ಆಗಸ್ಟ್ ಕೊನೆಗೆ ಮತ್ತೆ ಬಂದರು. ಮೊದಲೆರಡು ಪುಸ್ತಕಗಳ ತುಂಬ ಪೆನ್ಸಿಲ್ ಗೆರೆ. 'ಬಡತನ ರೇಖೆ' ಎಂಬಲ್ಲಿ ಪಕ್ಕದಲ್ಲಿ ಬರೆದಿದ್ದರು: "ಇದು ಎಲ್ಲಿ ಹಾದು ಹೋಗ್ತದ?" ಮೂರನೆಯದರ ಕೊನೆಯ ಪುಟ ಮಡಚಿತ್ತು. ಕಾರ್ಡ್ ರದ್ದಾದವರು ಮೇಲ್ಮನವಿ ಬರೆಯಬೇಕಾದ ಮಾದರಿ ಅದು. ನಾನೇ ಅನುವಾದಿಸಿದ್ದೆ, ಒಂದು ಮಧ್ಯಾಹ್ನ ಆಕಳಿಸಿಕೊಂಡು. ಅದು ಅಲ್ಲಿರುವುದು ನನಗೆ ನೆನಪೇ ಇರಲಿಲ್ಲ.

"ಮೊನ್ನಿ ಇದು ಸಿಕ್ತ್ರಿ. ಹಂಗೇ ಬರದು ನಿನ್ನಿ ಕಚೇರಿಗೆ ಒಯ್ದೆ. ನೋಟೀಸ್ ಬಂದು ಅರವತ್ತು ದಿನದಾಗ ಕೊಡ್ಬೇಕಿತ್ತಂತ. ಒಂಬತ್ತು ದಿನ ತಡ ಆತಂತ್ರಿ."

"ಹೊಸ ಕಾರ್ಡಿಗೆ ಹಾಕಿದ್ರೆ?"

"ಸದ್ಯಕ್ಕ ಅರ್ಜಿ ತಗೊಳ್ಳಂಗಿಲ್ಲಂತ."

"ಅಯ್ಯಮ್ಮ ಹೇಗಿದ್ದಾರೆ?"

"ನೀರು ಸೈತ ಇಳಿಯವಲ್ದ್ರಿ."

ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತೆ. ಸಾಹೇಬರೋ ಚಂದ್ರಾಮಪ್ಪನವರೋ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಚಂದ್ರಾಮಪ್ಪ ಮೂರೂ ಪುಸ್ತಕಗಳನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. "ನೀವು ಹೇಳ್ದಂಗ ಒಂದು ಪುಟ ಬಿಟ್ಟಿಲ್ರಿ ಮೇಡಂ," ಎಂದರು. ಆ ಮಾತಿನಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ.

"ನಾಕನೇದೊಂದು ಉಳದದ. ಅದನ್ನರ ಹಿಂದಿನಿಂದ ಓದ್ಲೇನ್ರಿ?"

ಶಫಿ ಸಾಹೇಬರು ನಾಲ್ಕನೆಯದನ್ನು ಕಪಾಟಿನಿಂದ ತೆಗೆದು, ಹಿಂದಿನ ರಟ್ಟು ತೆರೆದು, ನನ್ನ ಮುಂದೆ ಹಿಡಿದರು. ಅಲ್ಲಿದ್ದದ್ದು ಬರೀ ಪದಸೂಚಿ.